ಗರ್ಭಕೋಶದ ದೊಡ್ಡ ಗಡ್ಡೆ: ಕ್ಯಾನ್ಸರ್ ಹೌದೋ ಅಲ್ಲವೋ?

‘ಗರ್ಭಕೋಶದಲ್ಲಿ ಗಡ್ಡೆ ಇದೆ’ ಎಂದು ವೈದ್ಯರು ಹೇಳಿದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಕ್ಯಾನ್ಸರಾ?’ ಎಂಬುದು. ಗಡ್ಡೆ ನಿಂಬೆಹಣ್ಣಿನಷ್ಟಿದ್ದರೆ ಭಯ ಸ್ವಲ್ಪ ಕಡಿಮೆ. ಹೊಟ್ಟೆ ಆರು ತಿಂಗಳ ಬಸುರಿಯ ಹೊಟ್ಟೆಯಂತೆ ಕಾಣುವಷ್ಟು ಅದು ಬೆಳೆದಿದ್ದು, ಮೈ ಸೊರಗಿ ಮುಖ ಬಿಳಿಚಿಕೊಂಡಿದ್ದರೆ ಪ್ರಶ್ನೆ ಕೇಳುವ ಮೊದಲೇ ಉತ್ತರ ಗೊತ್ತಿದೆಯೆಂದು ಎಲ್ಲರೂ ಭಾವಿಸಿಬಿಡುತ್ತಾರೆ. ಆಗ ಎರಡು ಬಗೆಯ ತಪ್ಪುಗಳು ನಡೆಯುತ್ತವೆ.

ಮೊದಲನೆಯದು ಭಯದ ತಪ್ಪು. ಕ್ಯಾನ್ಸರೇ ಇರಬೇಕೆಂದು ಹೆದರಿ, ಅಗತ್ಯವಾದ ಪರೀಕ್ಷೆಗಳು ಮುಗಿಯುವ ಮೊದಲೇ ಗರ್ಭಕೋಶವನ್ನು ತೆಗೆಸಿಬಿಡುವುದು. ಇಲ್ಲವೆ ‘ಇನ್ನೇನು ಪ್ರಯೋಜನ’ ಎಂದು ಕೈಚೆಲ್ಲಿ ಕೂರುವುದು. ಎರಡನೆಯದು ಉದಾಸೀನದ ತಪ್ಪು. ‘ನಮ್ಮ ಅತ್ತೆಗೂ ಇತ್ತು, ನಾದಿನಿಗೂ ಇದೆ, ಗಡ್ಡೆ ತಾನೆ’ ಎಂದು ತಳ್ಳಿಹಾಕಿ, ಅಪರೂಪಕ್ಕೆ ಬರುವ ನಿಜವಾದ ಕ್ಯಾನ್ಸರಿಗೆ ಬೆಳೆಯಲು ಕಾಲಾವಕಾಶ ಕೊಡುವುದು. ಈ ಎರಡರ ನಡುವಿನ ದಾರಿಯೇ ರೋಗನಿದಾನ.

ಭೌತಶಾಸ್ತ್ರದ ಪಾಠ ಹೇಳುವವನು ಈ ವಿಷಯಕ್ಕೆ ಏಕೆ ಕೈಹಾಕಿದ ಎಂದು ನೀವು ಕೇಳಬಹುದು. ಚಿಕಿತ್ಸೆಯನ್ನು ನಿರ್ಧರಿಸುವುದು ವೈದ್ಯರ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಡ್ಡೆಯನ್ನು ಗುರುತಿಸುವ ಸಾಧನಗಳು ಪ್ರತಿಧ್ವನಿ, ಡಾಪ್ಲರ್ ಪರಿಣಾಮ, ಕಾಂತೀಯ ಅನುರಣನ, ಬ್ರೌನಿಯನ್ ಚಲನೆ ಹಾಗೂ ಸಂಭವನೀಯತೆ. ಇವೆಲ್ಲ ಪದವಿಪೂರ್ವ ಮತ್ತು ಪದವಿ ತರಗತಿಗಳ ಪಾಠಗಳೇ. ಇವನ್ನು ಅರಿತವರು ಒಂದು ಸ್ಕ್ಯಾನಿಂಗ್ ವರದಿಯನ್ನು ಹೆಚ್ಚು ವಿವೇಕದಿಂದ ಓದಬಲ್ಲರು.

ಫೈಬ್ರಾಯ್ಡ್ ಎಂದರೇನು?

ಗರ್ಭಕೋಶದ ಗೋಡೆ ನುಣುಪು ಸ್ನಾಯುವಿನಿಂದ ಆದದ್ದು. ಆ ಸ್ನಾಯುವಿನ ಒಂದೇ ಒಂದು ಜೀವಕೋಶ ಹಾದಿತಪ್ಪಿ ಮತ್ತೆ ಮತ್ತೆ ವಿಭಜನೆಗೊಂಡು, ನಡುನಡುವೆ ನಾರಿನಂಥ ಕೊಲ್ಲಾಜೆನ್ ತುಂಬಿಕೊಂಡು ಉಂಟಾಗುವ ಗಟ್ಟಿ ಉಂಡೆಯೇ ಫೈಬ್ರಾಯ್ಡ್. ಕನ್ನಡದಲ್ಲಿ ನಾರುಗಡ್ಡೆ ಎನ್ನಬಹುದು. ಸುಮಾರು ಶೇಕಡ 70ರಷ್ಟು ಫೈಬ್ರಾಯ್ಡ್‌ಗಳಲ್ಲಿ ‘ಮೆಡ್-12’ ಎಂಬ ಜೀನಿನಲ್ಲಿ ಬದಲಾವಣೆ ಇರುವುದನ್ನು 2011ರಲ್ಲಿ ಫಿನ್ಲೆಂಡಿನ ಸಂಶೋಧಕರು ತೋರಿಸಿದರು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿರಾನ್ ಹಾರ್ಮೋನುಗಳು ಈ ಗಡ್ಡೆಗೆ ಗೊಬ್ಬರವಿದ್ದಂತೆ. ಆದ್ದರಿಂದಲೇ ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ.

ಇದು ಬಹಳ ಸಾಮಾನ್ಯ. ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಂತೆ 50 ವರ್ಷ ತುಂಬುವ ಹೊತ್ತಿಗೆ 10ರಲ್ಲಿ 7 ಅಥವಾ ಹೆಚ್ಚು ಮಹಿಳೆಯರಲ್ಲಿ ಇಂಥ ಗಡ್ಡೆಗಳು ಇರುತ್ತವೆ. ಬಹುಪಾಲು ಮಹಿಳೆಯರಿಗೆ ಅದರಿಂದ ತೊಂದರೆಯಿಲ್ಲ. ಕೆಲವರಲ್ಲಿ ಮಾತ್ರ ಮುಟ್ಟಿನ ಸ್ರಾವ ಹೆಚ್ಚಾಗುತ್ತದೆ, ರಕ್ತಹೀನತೆ ಬರುತ್ತದೆ, ಮೂತ್ರಕೋಶ ಹಾಗೂ ಕರುಳಿನ ಮೇಲೆ ಒತ್ತಡ ಬೀಳುತ್ತದೆ. ಫೈಬ್ರಾಯ್ಡ್ ಎಷ್ಟು ದೊಡ್ಡದಾಗಬಲ್ಲದು? 1888ರಲ್ಲಿ ವರದಿಯಾದ ಒಂದು ಗಡ್ಡೆ 63 ಕಿಲೋಗ್ರಾಂಗೂ ಹೆಚ್ಚು ತೂಗುತ್ತಿತ್ತು. ಗಾತ್ರವೊಂದೇ ಕ್ಯಾನ್ಸರಿನ ಗುರುತಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದೇ ಸ್ನಾಯುವಿನಲ್ಲಿ ಹುಟ್ಟುವ ಕ್ಯಾನ್ಸರಿಗೆ ಲಿಯೊಮಯೊಸಾರ್ಕೋಮಾ ಎಂದು ಹೆಸರು. ಚಿಕ್ಕದಾಗಿ ಸಾರ್ಕೋಮಾ ಎನ್ನೋಣ. ಇದು ಬಲು ಅಪರೂಪ, ಆದರೆ ಕ್ರೂರ. ರಕ್ತದ ಮೂಲಕ ಶ್ವಾಸಕೋಶಕ್ಕೆ ಬೇಗ ಹರಡುತ್ತದೆ. ಫೈಬ್ರಾಯ್ಡ್ ಕೆಟ್ಟು ಸಾರ್ಕೋಮಾ ಆಗುತ್ತದೆಯೆಂಬ ನಂಬಿಕೆ ಜನರಲ್ಲಿದೆ. ಬಹುತೇಕ ಸಾರ್ಕೋಮಾಗಳು ಮೊದಲಿನಿಂದಲೂ ಬೇರೆಯಾಗಿಯೇ ಹುಟ್ಟುತ್ತವೆ ಎಂಬುದು ಇಂದಿನ ತಿಳಿವಳಿಕೆ. ಹೀಗಾಗಿ ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಒಂದೇ ಕಾರಣಕ್ಕೆ ಫೈಬ್ರಾಯ್ಡನ್ನು ತೆಗೆಸಬೇಕಾಗಿಲ್ಲ.

ಗಡ್ಡೆ ವೇಷ ಹಾಕುವ ಬಗೆ

ಸಣ್ಣ ಫೈಬ್ರಾಯ್ಡನ್ನು ಗುರುತಿಸುವುದು ಸುಲಭ. ದೊಡ್ಡದಾದಂತೆ ಅದು ವೇಷ ಬದಲಿಸುತ್ತದೆ. ಇದಕ್ಕೆ ಒಂದು ಮುಖ್ಯ ಕಾರಣ ಸರಳ ರೇಖಾಗಣಿತದಲ್ಲಿದೆ. ಗಡ್ಡೆಗೆ ರಕ್ತ ಒದಗುವುದು ಹೆಚ್ಚಾಗಿ ಅದರ ಹೊರಮೈಯನ್ನು ಸುತ್ತಿಕೊಂಡ ನಾಳಗಳಿಂದ. ಗೋಳದ ಮೇಲ್ಮೈ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿ ಬೆಳೆದರೆ ಘನಗಾತ್ರ ತ್ರಿಜ್ಯದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 2 ಸೆಂಟಿಮೀಟರ್ ವ್ಯಾಸದ ಗಡ್ಡೆಯಲ್ಲಿ ಪ್ರತಿ ಘನ ಸೆಂಟಿಮೀಟರಿಗೆ 3 ಚದರ ಸೆಂಟಿಮೀಟರ್ ಮೇಲ್ಮೈ ದೊರೆಯುತ್ತದೆ. 20 ಸೆಂಟಿಮೀಟರ್ ಗಡ್ಡೆಯಲ್ಲಿ ದೊರೆಯುವುದು 0.3 ಚದರ ಸೆಂಟಿಮೀಟರ್ ಮಾತ್ರ, ಅಂದರೆ ಹತ್ತನೆಯ ಒಂದು ಪಾಲು. ಒಳಭಾಗಕ್ಕೆ ರಕ್ತ ಸಾಲದೆ ಅಲ್ಲಿನ ಅಂಗಾಂಶ ಹಾಳಾಗಿ, ಕೆಲವೆಡೆ ಲೋಳೆಯಾಗಿ, ಕೆಲವೆಡೆ ನೀರು ತುಂಬಿದ ಗೂಡಾಗಿ, ಇನ್ನು ಕೆಲವೆಡೆ ಸುಣ್ಣ ಕಟ್ಟಿಕೊಂಡು ನಿಲ್ಲುತ್ತದೆ. ಇಂಥ ಚೂರುಪಾರು ಚಿತ್ರ ಕ್ಯಾನ್ಸರಿನಲ್ಲೂ ಕಾಣುವುದರಿಂದ ಗೊಂದಲ ಮೊದಲಾಗುತ್ತದೆ.

ಇನ್ನೊಂದು ವೇಷ ಸ್ಥಾನದ್ದು. ಕೆಲವು ಫೈಬ್ರಾಯ್ಡ್‌ಗಳು ಗರ್ಭಕೋಶದ ಹೊರಗೆ ತೊಟ್ಟಿಗೆ ನೇತುಬಿದ್ದ ಹಣ್ಣಿನಂತೆ ಬೆಳೆಯುತ್ತವೆ. ಆಗ ಅದು ಅಂಡಾಶಯದ ಗಡ್ಡೆಯಂತೆ ತೋರುತ್ತದೆ. ಅಪರೂಪಕ್ಕೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವುದೂ ಉಂಟು. ಗಡ್ಡೆ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡ ಊದಿಕೊಂಡರೆ ‘ರೋಗ ಹರಡಿದೆ’ ಎಂಬ ಅನುಮಾನ ಮೂಡುತ್ತದೆ. ವರ್ಷಗಟ್ಟಲೆ ಹೆಚ್ಚು ರಕ್ತ ಹೋಗಿ ಹಿಮೋಗ್ಲೋಬಿನ್ ಕುಸಿದ ಹೆಣ್ಣುಮಗಳ ಸೊರಗಿದ ಮುಖವಂತೂ ನೋಡುವವರನ್ನು ಹೆದರಿಸುತ್ತದೆ.

ವ್ಯಾಸ ಬೇರೆ, ಘನಗಾತ್ರ ಬೇರೆ

‘ಗಡ್ಡೆ ಬೇಗ ಬೆಳೆಯುತ್ತಿದೆ, ಆದ್ದರಿಂದ ಕ್ಯಾನ್ಸರ್’ ಎಂಬುದು ಬಹುಕಾಲದಿಂದ ಬಂದ ತರ್ಕ. ಇದನ್ನು ಲೆಕ್ಕ ಹಾಕಿ ನೋಡೋಣ. 10 ಸೆಂಟಿಮೀಟರ್ ವ್ಯಾಸದ ಗೋಳದ ಘನಗಾತ್ರ ಸುಮಾರು 524 ಘನ ಸೆಂಟಿಮೀಟರ್. ವ್ಯಾಸ 12.6 ಆದರೆ ಘನಗಾತ್ರ 1047 ಆಗುತ್ತದೆ. ವ್ಯಾಸ ನಾಲ್ಕನೆಯ ಒಂದು ಪಾಲಿನಷ್ಟು ಹೆಚ್ಚಿದಾಗ ಗಡ್ಡೆ ಎರಡು ಪಟ್ಟಾಗಿರುತ್ತದೆ! ಇನ್ನೊಂದು ಬದಿಯಿಂದ ನೋಡಿ: ಗುಬ್ಬಿಯಲ್ಲಿ ಒಬ್ಬರು 10 ಸೆಂಟಿಮೀಟರ್ ಎಂದು ಅಳೆದ ಗಡ್ಡೆಯನ್ನು ತುಮಕೂರಿನಲ್ಲಿ ಮತ್ತೊಬ್ಬರು 10.5 ಎಂದು ಅಳೆದರೆ, ಅರ್ಧ ಸೆಂಟಿಮೀಟರಿನ ಈ ಅಂತರ ಘನಗಾತ್ರದಲ್ಲಿ ಶೇಕಡ 16ರಷ್ಟು ‘ಬೆಳವಣಿಗೆ’ಯಾಗಿ ಕಾಣುತ್ತದೆ. ಗಡ್ಡೆ ಕೂದಲೆಳೆಯಷ್ಟೂ ಬೆಳೆಯದೆ ಇದ್ದಿರಬಹುದು.

ಅಮೆರಿಕದಲ್ಲಿ 72 ಮಹಿಳೆಯರ 262 ಫೈಬ್ರಾಯ್ಡ್‌ಗಳನ್ನು ಎಂ.ಆರ್.ಐ. ಮೂಲಕ ಅಳೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. 6 ತಿಂಗಳಲ್ಲಿ ಅವುಗಳ ಮಧ್ಯಕ ಬೆಳವಣಿಗೆ ಶೇಕಡ 9. ಆದರೆ ಒಂದು ಗಡ್ಡೆ ಶೇಕಡ 138ರಷ್ಟು ಬೆಳೆದಿತ್ತು, ಇನ್ನೊಂದು ಶೇಕಡ 89ರಷ್ಟು ಕುಗ್ಗಿತ್ತು. ಒಬ್ಬಳೇ ಮಹಿಳೆಯ ಗರ್ಭಕೋಶದಲ್ಲಿ ಅಕ್ಕಪಕ್ಕ ಇದ್ದ ಗಡ್ಡೆಗಳೂ ಬೇರೆ ಬೇರೆ ವೇಗದಲ್ಲಿ ಬೆಳೆಯುತ್ತಿದ್ದವು. ಇದಕ್ಕೂ ಮೊದಲು, 1994ರ ಒಂದು ವರದಿಯಲ್ಲಿ, ‘ವೇಗವಾಗಿ ಬೆಳೆಯುತ್ತಿದೆ’ ಎಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 371 ಮಹಿಳೆಯರ ಪೈಕಿ ಸಾರ್ಕೋಮಾ ಇದ್ದುದು ಒಬ್ಬರಲ್ಲಿ ಮಾತ್ರ. ಮುಟ್ಟು ನಿಲ್ಲುವ ಮೊದಲು ವೇಗದ ಬೆಳವಣಿಗೆಯೊಂದೇ ಕ್ಯಾನ್ಸರಿನ ಸಾಕ್ಷಿಯಾಗಲಾರದು. ಮುಟ್ಟು ನಿಂತ ಮೇಲೆ, ಹಾರ್ಮೋನು ಔಷಧಿಯನ್ನೂ ತೆಗೆದುಕೊಳ್ಳದವರಲ್ಲಿ ಗಡ್ಡೆ ಬೆಳೆದರೆ ಆಗ ವಿಷಯವೇ ಬೇರೆ. ಗೊಬ್ಬರ ನಿಂತ ಮೇಲೂ ಬೆಳೆಯುವ ಗಿಡವನ್ನು ಅನುಮಾನಿಸಲೇಬೇಕು.

ಉಕ್ಕಿನ ಬಿರುಕಿನಿಂದ ಹೊಟ್ಟೆಯ ಗಡ್ಡೆಗೆ

ಸ್ಕ್ಯಾನಿಂಗ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬಸುರಿಯರು. ಆದರೆ ಅದರ ಇತಿಹಾಸದ ಆರಂಭದಲ್ಲೇ ನಮ್ಮ ಫೈಬ್ರಾಯ್ಡ್ ಕುಳಿತಿದೆ. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇಯಾನ್ ಡೊನಾಲ್ಡ್ 1955ರ ಜುಲೈನಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಫೈಬ್ರಾಯ್ಡ್‌ಗಳನ್ನೂ ಅಂಡಾಶಯದ ನೀರುಗಡ್ಡೆಗಳನ್ನೂ ಕಾರಿನಲ್ಲಿ ತುಂಬಿಕೊಂಡು ರೆನ್‌ಫ್ರೂ ಎಂಬಲ್ಲಿನ ಬಾಯ್ಲರ್ ಕಾರ್ಖಾನೆಗೆ ಹೋದರು. ಅಲ್ಲಿ ಉಕ್ಕಿನ ಒಳಬಿರುಕು ಪತ್ತೆಮಾಡಲು ಶ್ರವಣಾತೀತ ಶಬ್ದದ ಯಂತ್ರವಿತ್ತು. ಹೋಲಿಕೆಗೆಂದು ಕಾರ್ಖಾನೆಯವರು ಮಾಂಸದ ದೊಡ್ಡ ತುಂಡೊಂದನ್ನು ಒದಗಿಸಿದ್ದರು. ಯಂತ್ರದ ಪರದೆಯ ಮೇಲೆ ಗಟ್ಟಿ ಫೈಬ್ರಾಯ್ಡಿನ ಪ್ರತಿಧ್ವನಿಯೂ ನೀರುಗಡ್ಡೆಯ ಪ್ರತಿಧ್ವನಿಯೂ ಸ್ಪಷ್ಟವಾಗಿ ಬೇರೆಬೇರೆಯಾಗಿ ಕಂಡವು.

ಮುಂದೆ ಡೊನಾಲ್ಡ್, ಜಾನ್ ಮ್ಯಾಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಸೇರಿ ನಡೆಸಿದ ಕೆಲಸ 1958ರ ಜೂನ್ 7ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊರಬಂತು. ಅವರ ಕೈಗೆ ಬಂದ ರೋಗಿಗಳಲ್ಲಿ ಒಬ್ಬಾಕೆಗೆ ಗುಣವಾಗದ ಹೊಟ್ಟೆಯ ಕ್ಯಾನ್ಸರ್ ಎಂದು ತೀರ್ಮಾನವಾಗಿತ್ತು. ಯಂತ್ರ ತೋರಿಸಿದ್ದು ದೊಡ್ಡ ನೀರುಗಡ್ಡೆ. ಅದನ್ನು ತೆಗೆದರು, ಆಕೆ ಬದುಕಿದರು. ಕ್ಯಾನ್ಸರಿನಂತೆ ಕಾಣುವ ಗಡ್ಡೆಯ ನಿಜರೂಪ ತೋರಿಸಿಯೇ ಈ ತಂತ್ರ ವೈದ್ಯರ ವಿಶ್ವಾಸ ಗಳಿಸಿತು ಎನ್ನಬಹುದು.

ಈ ತಂತ್ರದ ಎರಡೂ ಬೇರುಗಳು ತುಮಕೂರು ಜಿಲ್ಲೆಯವರಿಗೆ ಅಪರಿಚಿತವಲ್ಲ. ತುಮಕೂರಿನಲ್ಲಿ 1978ರಲ್ಲಿ ಆರಂಭವಾಗಿದ್ದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯಲ್ಲಿ ಕ್ವಾರ್ಟ್ಸ್ ಗಡಿಯಾರಗಳೂ ತಯಾರಾಗುತ್ತಿದ್ದವು. ವಿದ್ಯುತ್ತು ಹರಿಸಿದರೆ ಕಂಪಿಸುವ, ಒತ್ತಿದರೆ ವಿದ್ಯುತ್ತು ಕೊಡುವ ಹರಳಿನ ಗುಣವೇ ಆ ಗಡಿಯಾರದ ಜೀವಾಳ. ಸ್ಕ್ಯಾನಿಂಗ್ ಯಂತ್ರದ ಕೈಹಿಡಿಯಲ್ಲಿಯೂ ಇದೇ ಗುಣದ ಪಿಂಗಾಣಿ ಬಿಲ್ಲೆಗಳಿವೆ. ಶಬ್ದವನ್ನು ಕಳಿಸುವುದೂ ಪ್ರತಿಧ್ವನಿಯನ್ನು ಕೇಳುವುದೂ ಅವೇ. ಇನ್ನು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ವಿಮಾನ ಮತ್ತು ಹೆಲಿಕಾಪ್ಟರ್ ಉದ್ಯಮದಲ್ಲಿ ಬಿಡಿಭಾಗಗಳನ್ನು ಒಡೆಯದೆ ಒಳಬಿರುಕು ಹುಡುಕುವ ವಿಧಾನಗಳಲ್ಲಿ ಡೊನಾಲ್ಡ್ ಕಂಡ ಶ್ರವಣಾತೀತ ಪರೀಕ್ಷೆಯೂ ಒಂದು.

ಪ್ರತಿಧ್ವನಿಯನ್ನು ಓದುವುದು

ಕುಣಿಗಲ್ ದೊಡ್ಡಕೆರೆಯ ಆಳವನ್ನು ದೋಣಿಯಿಂದ ಅಳೆಯಬೇಕೆಂದುಕೊಳ್ಳಿ. ನೀರೊಳಗೆ ಶಬ್ದದ ಒಂದು ಮಿಡಿತ ಕಳಿಸಿ, ತಳಕ್ಕೆ ಬಡಿದು ಮರಳುವ ಕಾಲವನ್ನು ಅಳೆದರೆ ಆಯಿತು. ಸ್ಕ್ಯಾನಿಂಗ್ ಯಂತ್ರ ಮಾಡುವುದೂ ಇಷ್ಟೇ. ಮೆದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 15 ಸೆಂಟಿಮೀಟರ್ ಆಳಕ್ಕೆ ಹೋಗಿಬರಲು ಬೇಕಾಗುವ ಕಾಲ ಸುಮಾರು 195 ಮೈಕ್ರೊಸೆಕೆಂಡು.

ನೀರುಗಡ್ಡೆಯೊಳಗೆ ಪ್ರತಿಧ್ವನಿಸುವಂಥದ್ದೇನೂ ಇಲ್ಲ. ಪರದೆಯ ಮೇಲೆ ಅದು ಕಪ್ಪಾಗಿ ಕಾಣುತ್ತದೆ, ಅದರ ಹಿಂಬದಿ ಬೆಳ್ಳಗಿರುತ್ತದೆ. ಫೈಬ್ರಾಯ್ಡಿನಲ್ಲಿ ಸ್ನಾಯು ಮತ್ತು ನಾರು ಸುರುಳಿಸುರುಳಿಯಾಗಿ ಹೆಣೆದುಕೊಂಡಿರುವುದರಿಂದ ಶಬ್ದ ಚದುರಿ, ಹಿಂಬದಿಯಲ್ಲಿ ಪಟ್ಟೆಪಟ್ಟೆಯಾದ ನೆರಳು ಬೀಳುತ್ತದೆ. ಅಂಚು ಸಾಮಾನ್ಯವಾಗಿ ಸ್ಪಷ್ಟ. ಇದು ನುರಿತ ಕಣ್ಣಿಗೆ ಚೆನ್ನಾಗಿ ಪರಿಚಿತವಾದ ಚಿತ್ರ.

ಗಡ್ಡೆ ದೊಡ್ಡದಾದಾಗ ತೊಡಕು ಎಲ್ಲಿ? ಶಬ್ದ ಆಳಕ್ಕೆ ಹೋದಂತೆ ಕ್ಷೀಣಿಸುತ್ತದೆ. ಸ್ಥೂಲವಾಗಿ ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸಿಗೆ 0.5 ಡೆಸಿಬೆಲ್. ಹೊಟ್ಟೆಯ ಮೇಲಿಂದ 3.5 ಮೆಗಾಹರ್ಟ್ಸ್ ಬಳಸಿ 15 ಸೆಂಟಿಮೀಟರ್ ಆಳ ನೋಡುವಾಗ ಹೋಗಿಬರುವ ದಾರಿಯಲ್ಲಿ 52 ಡೆಸಿಬೆಲ್‌ಗೂ ಹೆಚ್ಚು ನಷ್ಟವಾಗುತ್ತದೆ. ಅಂದರೆ ತೀವ್ರತೆ ಒಂದೂವರೆ ಲಕ್ಷ ಪಟ್ಟಿಗಿಂತ ಹೆಚ್ಚು ಇಳಿಯುತ್ತದೆ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಆವೃತ್ತಿ ಹೆಚ್ಚು, ವಿವರವೂ ಹೆಚ್ಚು, ಆದರೆ ತಲಪುವ ಆಳ ಕಡಿಮೆ. ಹೊಕ್ಕುಳ ದಾಟಿದ ಗಡ್ಡೆಯ ತುದಿ ಅದಕ್ಕೆ ಎಟುಕದು. ಆದ್ದರಿಂದ ದೊಡ್ಡ ಗಡ್ಡೆಗೆ ಎರಡೂ ವಿಧಾನ ಬೇಕು. ‘ಅಂಡಾಶಯ ಕಾಣಿಸಲಿಲ್ಲ’ ಎಂದು ವರದಿಯಲ್ಲಿದ್ದರೆ ಅದು ಕ್ಯಾನ್ಸರಿನ ಸೂಚನೆಯೆಂದು ಹೆದರಬೇಕಿಲ್ಲ. ಶಬ್ದ ಅಲ್ಲಿಗೆ ತಲಪಲಿಲ್ಲವೆಂದೂ ಅದರ ಅರ್ಥವಾಗಬಹುದು.

ಇಲ್ಲಿ ನೆರವಿಗೆ ಬರುವುದು ಡಾಪ್ಲರ್ ಪರಿಣಾಮ. ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ಹರಿಯುವ ರಕ್ತವನ್ನು 3.5 ಮೆಗಾಹರ್ಟ್ಸ್ ಶಬ್ದದಿಂದ 60 ಡಿಗ್ರಿ ಕೋನದಲ್ಲಿ ನೋಡಿದರೆ ಆವೃತ್ತಿಯ ಪಲ್ಲಟ ಸುಮಾರು 455 ಹರ್ಟ್ಸ್. ನಮ್ಮ ಕಿವಿಗೇ ಕೇಳಿಸುವ ಸ್ವರ! ಗರ್ಭಕೋಶದಿಂದ ಗಡ್ಡೆಗೆ ದಾಟುವ ರಕ್ತನಾಳಗಳ ಸೇತುವೆ ಡಾಪ್ಲರಿನಲ್ಲಿ ಕಂಡರೆ, ಗಡ್ಡೆ ಅಂಡಾಶಯದ್ದಲ್ಲ, ಗರ್ಭಕೋಶದ್ದೇ ಎಂದು ಹೇಳಲು ಬಲವಾದ ಆಧಾರ ಸಿಗುತ್ತದೆ.

ನೀರಿನ ಅಣುಗಳ ಸಾಕ್ಷ್ಯ

ಸ್ಕ್ಯಾನಿಂಗ್‌ನಲ್ಲಿ ಅನುಮಾನ ಬಗೆಹರಿಯದಿದ್ದರೆ ಮುಂದಿನ ಮೆಟ್ಟಿಲು ಎಂ.ಆರ್.ಐ. ಇದರ ಚಿತ್ರಣ ವಿಧಾನಕ್ಕೆ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ನೊಬೆಲ್ ಪ್ರಶಸ್ತಿ ಬಂತು. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಜಲಜನಕದ ಬೀಜಗಳು ಸುಮಾರು 64 ಮೆಗಾಹರ್ಟ್ಸ್ ರೇಡಿಯೊ ತರಂಗಕ್ಕೆ ಅನುರಣಿಸುತ್ತವೆ. ಅವುಗಳ ಸಂಕೇತ ಎಷ್ಟು ಬೇಗ ಅಳಿಸಿಹೋಗುತ್ತದೆ ಎಂಬುದು ಸುತ್ತಲಿನ ಅಂಗಾಂಶವನ್ನು ಅವಲಂಬಿಸಿದೆ. ಟಿ-2 ಎಂಬ ಬಗೆಯ ಚಿತ್ರದಲ್ಲಿ ನೀರು ಬೆಳ್ಳಗೂ, ಬಿಗಿಯಾದ ನಾರು ಕಪ್ಪಗೂ ಕಾಣುತ್ತವೆ. ಸಾಮಾನ್ಯ ಫೈಬ್ರಾಯ್ಡ್ ಇಲ್ಲಿ ಗಾಢ ಕಪ್ಪು. ಅಂಥ ಕಪ್ಪು ಚಿತ್ರ ಕಂಡರೆ ಬಹುಮಟ್ಟಿಗೆ ನೆಮ್ಮದಿಯಾಗಿರಬಹುದು.

ಹಾಳಾದ ಫೈಬ್ರಾಯ್ಡ್ ಕಪ್ಪುಬಿಳುಪಾಗಿ ಕಂಡಾಗ ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ: ಅಲ್ಲಿ ನೀರಿನ ಅಣುಗಳು ಎಷ್ಟು ಸ್ವತಂತ್ರವಾಗಿ ಓಡಾಡುತ್ತಿವೆ? ಐನ್‌ಸ್ಟೈನ್ 1905ರಲ್ಲಿ ವಿವರಿಸಿದ ಬ್ರೌನಿಯನ್ ಚಲನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ದೇಹದ ಉಷ್ಣತೆಯಲ್ಲಿ ತಡೆಯಿಲ್ಲದ ನೀರಿನ ವಿಸರಣ ಗುಣಾಂಕ ಸೆಕೆಂಡಿಗೆ ಸುಮಾರು 0.003 ಚದರ ಮಿಲಿಮೀಟರ್. 50 ಮಿಲಿಸೆಕೆಂಡಿನಲ್ಲಿ ಅಣು ಒಂದು ದಿಕ್ಕಿನಲ್ಲಿ ಸರಿಯುವ ದೂರ ಸುಮಾರು 17 ಮೈಕ್ರೊಮೀಟರ್, ಅಂದರೆ ಒಂದು ಜೀವಕೋಶದ ಗಾತ್ರದ ಆಸುಪಾಸು. ಜೀವಕೋಶಗಳು ಕಿಕ್ಕಿರಿದ ಕ್ಯಾನ್ಸರಿನಲ್ಲಿ ಸಂತೆಯ ಜನಜಂಗುಳಿಯಲ್ಲಿ ಸಿಕ್ಕಿಕೊಂಡವರಂತೆ ಅಣುಗಳಿಗೆ ಓಡಾಡಲು ಜಾಗವಿಲ್ಲ. ಗುಣಾಂಕ ಅದರ ಮೂರನೆಯ ಒಂದು ಪಾಲಿಗೆ ಅಥವಾ ಇನ್ನೂ ಕೆಳಕ್ಕೆ ಇಳಿಯಬಹುದು. ಹಾಗೆಂದು ಇದೂ ಅಂತಿಮವಲ್ಲ, ಏಕೆಂದರೆ ಸಾಮಾನ್ಯ ಫೈಬ್ರಾಯ್ಡಿನಲ್ಲೂ ಗುಣಾಂಕ ಕಡಿಮೆ ಬರುವುದುಂಟು. ಟಿ-2 ಚಿತ್ರ ಕಪ್ಪಾಗಿಲ್ಲ, ವಿಸರಣವೂ ಕುಗ್ಗಿದೆ, ಅಂಚು ಹರಿದಂತಿದೆ, ಒಳಗೆ ರಕ್ತ ಸೋರಿದೆ ಎಂಬ ಸಾಕ್ಷ್ಯಗಳು ಒಟ್ಟಿಗೆ ಕೂಡಿಬಂದಾಗ ಸಾರ್ಕೋಮಾದ ಅನುಮಾನ ಗಟ್ಟಿಯಾಗುತ್ತದೆ.

ರಕ್ತದ ಅಂಕಿಯೊಂದು ದಾರಿತಪ್ಪಿಸಿದಾಗ

ಸಿ.ಎ.-125 ಎಂಬ ರಕ್ತಪರೀಕ್ಷೆಯ ಹೆಸರನ್ನು ಅನೇಕರು ಕೇಳಿದ್ದೀರಿ. ಮಿಲಿಲೀಟರಿಗೆ 35 ಘಟಕ ಅದರ ಸಾಮಾನ್ಯ ಮಿತಿ. ಅಂಡಾಶಯದ ಕ್ಯಾನ್ಸರಿನಲ್ಲಿ ಅದು ಏರುತ್ತದೆ, ನಿಜ. ಆದರೆ ಫೈಬ್ರಾಯ್ಡ್, ಎಂಡೋಮೆಟ್ರಿಯೋಸಿಸ್, ಮುಟ್ಟು, ಗರ್ಭಧಾರಣೆ ಮತ್ತು ನಮ್ಮ ದೇಶದಲ್ಲಿ ಮರೆಯಬಾರದ ಹೊಟ್ಟೆಯ ಕ್ಷಯರೋಗ, ಇವುಗಳಲ್ಲೂ ಏರುತ್ತದೆ.

ಕುಣಿಗಲ್ ತಾಲ್ಲೂಕಿನ 44 ವರ್ಷದ ರೈತ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ಮುಟ್ಟು ಇನ್ನೂ ನಿಂತಿಲ್ಲ. ತೊಟ್ಟಿನ ಫೈಬ್ರಾಯ್ಡ್, ಹೊಟ್ಟೆಯಲ್ಲಿ ಸ್ವಲ್ಪ ನೀರು, ಸಿ.ಎ.-125 ಮಟ್ಟ 90. ಅಂಡಾಶಯದ ಗಡ್ಡೆಗಳಿಗಾಗಿ 1990ರಲ್ಲಿ ರೂಪಿಸಿದ ‘ಅಪಾಯ ಸೂಚ್ಯಂಕ’ವನ್ನು ಇಲ್ಲಿ ಹಚ್ಚೋಣ. ಸ್ಕ್ಯಾನಿಂಗ್‌ನಲ್ಲಿ ಗಟ್ಟಿ ಭಾಗ ಮತ್ತು ನೀರು ಎಂಬ ಎರಡು ಲಕ್ಷಣಗಳಿರುವುದರಿಂದ 3 ಅಂಕ, ಮುಟ್ಟು ನಿಲ್ಲದಿರುವುದರಿಂದ 1 ಅಂಕ. 3×1×90 ಎಂದರೆ 270. ಮಿತಿ 200. ಅಂಕಿಯ ಪ್ರಕಾರ ಇದು ‘ಕ್ಯಾನ್ಸರ್ ಶಂಕೆ’! ಮುಟ್ಟು ನಿಂತಿದ್ದರೆ ಅಂಕ 3 ಆಗಿ ಸೂಚ್ಯಂಕ 810ಕ್ಕೆ ಏರುತ್ತಿತ್ತು. ಸೂತ್ರ ಇಲ್ಲಿ ತಪ್ಪಿಲ್ಲ. ಅಂಡಾಶಯದ ಗಡ್ಡೆಗೆಂದು ಮಾಡಿದ ಅಳತೆಗೋಲನ್ನು ಗರ್ಭಕೋಶದ ಗಡ್ಡೆಗೆ ಹಚ್ಚಿದ್ದೇವೆ, ಅಷ್ಟೆ. ಡಾಪ್ಲರಿನಲ್ಲಿ ರಕ್ತನಾಳಗಳ ಸೇತುವೆಯನ್ನು ಮೊದಲು ಹುಡುಕಿದ್ದರೆ ಈ ಭಯ ಹುಟ್ಟುತ್ತಲೇ ಇರಲಿಲ್ಲ.

ಸಂಭವನೀಯತೆಯ ಪಾಠ

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಫೈಬ್ರಾಯ್ಡ್ ಎಂದು ತಿಳಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯರಲ್ಲಿ ಸುಮಾರು 350ಕ್ಕೆ ಒಬ್ಬರಲ್ಲಿ ಸಾರ್ಕೋಮಾ ಅಡಗಿರಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2014ರಲ್ಲಿ ಅಂದಾಜು ಮಾಡಿತು. ಇನ್ನೂ ಕಡಿಮೆ ಎನ್ನುವ ಅಂದಾಜುಗಳೂ ಇವೆ. ಲೆಕ್ಕಕ್ಕೆ ಅನುಕೂಲವಾಗಲೆಂದು 500ಕ್ಕೆ 1 ಎಂದಿಟ್ಟುಕೊಳ್ಳೋಣ. ಯಾವುದೋ ಒಂದು ಪರೀಕ್ಷೆ ಸಾರ್ಕೋಮಾವನ್ನು ಶೇಕಡ 95ರಷ್ಟು ಸರಿಯಾಗಿ ಹಿಡಿಯುತ್ತದೆ, ಫೈಬ್ರಾಯ್ಡನ್ನೂ ಶೇಕಡ 95ರಷ್ಟು ಸರಿಯಾಗಿ ಬಿಡುತ್ತದೆ ಎಂದೂ ಭಾವಿಸೋಣ.

10,000 ಮಹಿಳೆಯರನ್ನು ಪರೀಕ್ಷಿಸಿದರೆ ಸಾರ್ಕೋಮಾ ಇರುವವರು 20. ಅವರಲ್ಲಿ 19 ಮಂದಿ ಪತ್ತೆಯಾಗುತ್ತಾರೆ. ಉಳಿದ 9,980 ಮಂದಿಯಲ್ಲಿ ಶೇಕಡ 5, ಅಂದರೆ 499 ಮಂದಿಗೆ, ಪರೀಕ್ಷೆ ಸುಳ್ಳು ಎಚ್ಚರಿಕೆ ಕೊಡುತ್ತದೆ. ‘ಶಂಕೆ ಇದೆ’ ಎಂಬ ವರದಿ ಪಡೆದ 518 ಮಂದಿಯಲ್ಲಿ ನಿಜವಾಗಿ ಕ್ಯಾನ್ಸರ್ ಇರುವವರು 19, ಅಂದರೆ ಶೇಕಡ 4ಕ್ಕಿಂತ ಕಡಿಮೆ. ಇನ್ನೊಂದೆಡೆ, ಪರೀಕ್ಷೆ ‘ಶಂಕೆಯಿಲ್ಲ’ ಎಂದ 9,482 ಮಂದಿಯಲ್ಲಿ ಒಬ್ಬರು ಮಾತ್ರ ತಪ್ಪಿಸಿಕೊಳ್ಳುತ್ತಾರೆ. ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿ ನೋಡಿ. ಒಳ್ಳೆಯ ಪರೀಕ್ಷೆಯೊಂದು ಕೊಡುವ ಎಚ್ಚರಿಕೆ ಕೂಡ ಏಕೆ ತೀರ್ಪಾಗಲಾರದು ಎಂಬುದು ವಿದ್ಯಾರ್ಥಿಗಳಿಗೆ ಒಮ್ಮೆಗೇ ಮನವರಿಕೆಯಾಗುತ್ತದೆ.

ಹೀಗಾಗಿಯೇ ವೈದ್ಯರು ವಯಸ್ಸು, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಹಿಂದೆ ಕಿಬ್ಬೊಟ್ಟೆಗೆ ವಿಕಿರಣ ಚಿಕಿತ್ಸೆ ಆಗಿದೆಯೆ, ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಂಡಿದ್ದಾರೆಯೆ ಎಂಬುದನ್ನೆಲ್ಲ ಮೊದಲು ಕೇಳುತ್ತಾರೆ. ಇಂಥ ಪ್ರತಿಯೊಂದು ಉತ್ತರವೂ ಆರಂಭದ ಸಂಭವನೀಯತೆಯನ್ನು ಬದಲಿಸುತ್ತದೆ. ಒಂದೇ ಎಂ.ಆರ್.ಐ. ಚಿತ್ರಕ್ಕೆ 35ರ ವಯಸ್ಸಿನಲ್ಲಿ ಒಂದು ಅರ್ಥ, 60ರಲ್ಲಿ ಇನ್ನೊಂದು ಅರ್ಥ.

ಕೊನೆಯ ಮಾತು ಸೂಕ್ಷ್ಮದರ್ಶಕದ್ದು

ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸುವುದು ಸುಲಭ. ಒಳಪದರದ ಕ್ಯಾನ್ಸರನ್ನು ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಗೋಡೆಯೊಳಗಿನ ಸಾರ್ಕೋಮಾ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ನಿಶ್ಚಿತ ಉತ್ತರ ಸಿಗುವುದು ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಜೀವಕೋಶಗಳ ರೂಪ ಕೆಟ್ಟಿರುವುದು, ವಿಭಜನೆಯ ಸಂಖ್ಯೆ ಹೆಚ್ಚಿರುವುದು, ಗಡ್ಡೆಯ ಜೀವಕೋಶಗಳು ವಿಶಿಷ್ಟ ರೀತಿಯಲ್ಲಿ ಸತ್ತಿರುವುದು: ಈ ಮೂರರಲ್ಲಿ ಎರಡಾದರೂ ಇದ್ದರೆ ಸಾಮಾನ್ಯವಾಗಿ ಲಿಯೊಮಯೊಸಾರ್ಕೋಮಾ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದಾರೆಯೆ, ವರದಿ ಬಂದಿದೆಯೆ ಎಂದು ಕೇಳುವುದು ಆದ್ದರಿಂದ ಬಹು ಮುಖ್ಯ.

ಉದಾಸೀನದ ಬೆಲೆ ಎಷ್ಟೆಂಬುದನ್ನು ಅಮೆರಿಕದ ಅರಿವಳಿಕೆ ತಜ್ಞೆ ಆಮಿ ರೀಡ್ ಅವರ ಕಥೆ ಹೇಳುತ್ತದೆ. 2013ರಲ್ಲಿ ಫೈಬ್ರಾಯ್ಡ್ ಎಂದು ತಿಳಿದು, ಹೊಟ್ಟೆಯೊಳಗೇ ಅಂಗಾಂಶವನ್ನು ಚೂರುಮಾಡಿ ಸಣ್ಣ ರಂಧ್ರದಿಂದ ಹೊರತೆಗೆಯುವ ಯಂತ್ರದಿಂದ ಅವರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಅಡಗಿದ್ದ ಸಾರ್ಕೋಮಾ ಗೊತ್ತಾದದ್ದು ನಂತರ. 2017ರಲ್ಲಿ ಅವರು ತೀರಿಕೊಂಡರು. ಅವರೂ ಅವರ ಪತಿಯೂ ನಡೆಸಿದ ಹೋರಾಟದ ಬಳಿಕ 2014ರಲ್ಲಿ ಆ ಯಂತ್ರದ ಬಳಕೆಯ ಮೇಲೆ ಎಚ್ಚರಿಕೆ ಹೊರಬಿತ್ತು. ಗಡ್ಡೆಯನ್ನು ಚೂರುಮಾಡುವ, ಅಥವಾ ತೆಗೆಯದೆ ರಕ್ತನಾಳ ಮುಚ್ಚಿ ಒಣಗಿಸುವ ಚಿಕಿತ್ಸೆಗಳಿಗೆ ಮೊದಲು ರೋಗನಿದಾನ ಇನ್ನಷ್ಟು ಬಿಗಿಯಾಗಿರಬೇಕು.

ಭಯದ ಬೆಲೆಯನ್ನು ತಿಳಿಯಲು ದೂರ ಹೋಗಬೇಕಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಮತ್ತು ಹಳ್ಳಿಗಳಲ್ಲಿ ಬಡ ಮಹಿಳೆಯರ ಗರ್ಭಕೋಶಗಳನ್ನು ದೊಡ್ಡ ಸಂಖ್ಯೆಯಲ್ಲಿ ಅನಗತ್ಯವಾಗಿ ತೆಗೆಯಲಾಗಿದೆಯೆಂಬ ದೂರು 2015ರಲ್ಲಿ ಸುದ್ದಿಯಾಯಿತು. ಹೊಟ್ಟೆನೋವೆಂದು ಹೋದವರಿಗೆ ಕ್ಯಾನ್ಸರಿನ ಹೆದರಿಕೆ ತೋರಿಸಲಾಗಿತ್ತು ಎಂಬುದು ಅವರ ಅಳಲು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಮಾರ್ಗಸೂಚಿ ರೂಪಿಸಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಸೂಚಿಸಿತು. ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ಕಳೆದುಕೊಂಡವರಲ್ಲಿ ಮೂಳೆ ಸವೆತ, ಹೃದ್ರೋಗಗಳ ಅಪಾಯ ಹೆಚ್ಚುತ್ತದೆ ಎಂಬುದನ್ನು ನೆನಪಿಡಬೇಕು.

ನೀವು ಮಾಡಬಹುದಾದದ್ದು

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್, ಕುಣಿಗಲ್‌ನಿಂದ ಸುಮಾರು 40. ಮೊದಲ ಸ್ಕ್ಯಾನಿಂಗ್ ಊರ ಹತ್ತಿರವೇ ಆಗಬಹುದು. ಅನುಮಾನ ಉಳಿದರೆ ಡಾಪ್ಲರ್, ಎಂ.ಆರ್.ಐ.ಗಳಿಗೆ ತುಮಕೂರು ನಗರ. ಕ್ಯಾನ್ಸರ್ ಶಂಕೆ ಗಟ್ಟಿಯಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಯ ತಜ್ಞರು. ಹಳೆಯ ಸ್ಕ್ಯಾನಿಂಗ್ ಚಿತ್ರ ಮತ್ತು ವರದಿಗಳನ್ನು ಎಸೆಯದೆ ಜೊತೆಗೊಯ್ಯುವುದು ಅಗತ್ಯ. ಬೆಳವಣಿಗೆಯನ್ನು ತಿಳಿಯಲು ಕನಿಷ್ಠ ಎರಡು ಅಳತೆ ಬೇಕಲ್ಲವೆ?

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಗಡ್ಡೆ ಗರ್ಭಕೋಶದ್ದೋ ಅಂಡಾಶಯದ್ದೋ? ಕ್ಯಾನ್ಸರ್ ಶಂಕೆಗೆ ಯಾವ ಲಕ್ಷಣ ಕಾರಣ? ಅದನ್ನು ಬಗೆಹರಿಸಲು ಇನ್ನೊಂದು ಪರೀಕ್ಷೆ ಇದೆಯೆ? ಗರ್ಭಕೋಶ ಉಳಿಸಿಕೊಳ್ಳುವ ಚಿಕಿತ್ಸೆ ನಮಗೆ ಹೊಂದುತ್ತದೆಯೆ? ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅಥವಾ ಗಡ್ಡೆ ಬೆಳೆದರೂ ಕಾಯದೆ ತೋರಿಸಬೇಕು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳು ಮನೆಯಲ್ಲಿ ತಾಯಿಗೂ ಅಜ್ಜಿಗೂ ಹೇಳಲಿ. ಜೊತೆಗೆ, ಮುಟ್ಟು ಇರುವಾಗಲೇ ಗಡ್ಡೆ ಕಂಡುಬಂದವರು ಗಾತ್ರ ನೋಡಿ ಧೃತಿಗೆಡಬೇಕಿಲ್ಲ, ಪೂರ್ಣ ಪರೀಕ್ಷೆ ಮಾಡಿಸಿಕೊಂಡು ನಿಧಾನವಾಗಿ ತೀರ್ಮಾನಿಸಬಹುದು ಎಂಬುದನ್ನೂ ಹೇಳಲಿ.